ಹಂಚಿಕೆಯೆಂದರೆ ಗಂಗೆಯದು

ನದಿ ನೀರು ಹಂಚಿಕೊಳ್ಳುವುದು ಹೇಗೆಂದು ಕಲಿಯಬೇಕಿದ್ದರೆ ಮಂಡ್ಯದವರೂ ತಂಜಾವೂರಿನವರೂ ಒಂದೇ ರೈಲು ಹತ್ತಿ ಕಾಶಿಗೆ ಬರಬೇಕು. ವಿಶ್ವನಾಥನ ದರ್ಶನ ಮುಗಿಸಿ, ಅಲ್ಲಿಂದ ದಕ್ಷಿಣಕ್ಕೆ ಭೇಲೂಪುರಕ್ಕೆ ನಡೆದು ಬಂದರೆ ಸಾಕು, ಪಾಠ ಅಲ್ಲೇ ಸಿಗುತ್ತದೆ.

ಈ ವಿಷಯದಲ್ಲಿ ಕಾವೇರಿಯವರು ತೀರಾ ಹಿಂದುಳಿದವರು. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಐತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. 740 ಟಿಎಂಸಿಯಲ್ಲಿ ನಮಗೆ 284.75; ಆ ಮುಕ್ಕಾಲನ್ನೂ ಬಿಟ್ಟುಕೊಡುವವರಿಲ್ಲ. ಬಿಳಿಗುಂಡ್ಲುವಿನಲ್ಲಿ ದಿನವೂ ಅಳತೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರು–ಮೈಸೂರು ಹೆದ್ದಾರಿ ಬಂದ್. ಪರಿಸರಕ್ಕೆ 10, ಸಮುದ್ರಕ್ಕೆ ತಪ್ಪಿ ಹೋಗುವುದಕ್ಕೆ 4 ಟಿಎಂಸಿ ಎಂದು ಕೇಳದವರ ಪಾಲನ್ನೂ ಬರೆದಿಟ್ಟದ್ದಾಯಿತು. ಇಷ್ಟೆಲ್ಲ ರಂಪಕ್ಕೆ ಮೂಲ ಒಂದೇ: ಯಾರ ಪಾಲು ಎಷ್ಟೆಂದು ಎಲ್ಲರಿಗೂ ಗೊತ್ತು. ಗಂಗೆಯನ್ನು ನೋಡಿಕೊಳ್ಳುವ ಜಾಣರು ಕಾಶಿಯ ಮಟ್ಟಿಗೆ ಈ ತಪ್ಪು ಮಾಡಿಲ್ಲ.

ಭೇಲೂಪುರ ಸಾಮಾನ್ಯ ಊರಲ್ಲ. ಜೈನರಿಗೆ ಇದು ಪಾರ್ಶ್ವನಾಥ ತೀರ್ಥಂಕರರು ಹುಟ್ಟಿದ ಜಾಗ. ಹುಂಚದ ಭಕ್ತರು ಇಲ್ಲಿಗೆ ಬಂದು ಕೈಮುಗಿಯುತ್ತಾರೆ. ಉಳಿದ ಕಾಶಿಗೆ ಇದು ನಲ್ಲಿ ನೀರು ಹುಟ್ಟುವ ಜಾಗ. 1892ರಿಂದಲೂ ಊರಿನ ನೀರು ಸರಬರಾಜು ಕೇಂದ್ರ ಇಲ್ಲಿದೆ. ನದಿಯ ನೀರನ್ನು ಎತ್ತುವುದು ತುಳಸೀ ಘಾಟಿಗೆ ಅಂಟಿಕೊಂಡ ಭದೈನಿಯಲ್ಲಿ. ಮೆಟ್ಟಿಲುಗಳ ಸಾಲು ಅಲ್ಲಿ ಸ್ವಲ್ಪ ತಡೆದು ಪಂಪ್ ಹೌಸಿಗೆ ಜಾಗ ಬಿಡುತ್ತದೆ. ಈಚೆ ಸ್ನಾನ, ಆಚೆ ಸ್ನಾನ, ನಡುವೆ ಮೋಟಾರಿನ ಗುಂಯ್‌ಗುಡುವಿಕೆ. ಅಲ್ಲಿಂದ ಒಂದಷ್ಟು ಘಾಟು ಕೆಳಗೆ ಹೋದರೆ ನಮ್ಮದೇ ಕರ್ನಾಟಕ ಘಾಟು.

ಆಗಿನ ಕಾಶಿಯವರಿಗೆ ಇನ್ನೂ ಶಿಸ್ತು ಬಂದಿರಲಿಲ್ಲ. 1891ರ ಏಪ್ರಿಲ್‌ನಲ್ಲಿ ಈ ಪಂಪಿಂಗ್ ಸ್ಟೇಷನ್ನಿಗಾಗಿ ಭದೈನಿಯ ರಾಮಮಂದಿರ ಕೆಡವುತ್ತಾರೆಂಬ ಸುದ್ದಿಗೆ ಜನ ಬೀದಿಗಿಳಿದು, ಯಂತ್ರ ಮುರಿದು, ತಂತಿ ಕಿತ್ತು, ರೈಲ್ವೆ ಸ್ಟೇಷನ್ನಿಗೂ ನುಗ್ಗಿದ್ದರು. ನಲ್ಲಿಗೆ ನೀರು ತರುವವರ ಮೇಲೆ ಅಷ್ಟು ಸಿಟ್ಟು! ಈಗ ನದಿಯಲ್ಲಿ ನೀರೇ ಕಡಿಮೆಯಾದರೂ ಒಂದು ತಂತಿಯೂ ಅಲುಗುವುದಿಲ್ಲ. ನಾಗರಿಕತೆ ಬೆಳೆದಿದೆ.

ಮೇಲ್ಗಡೆಯ ಹಂಚಿಕೆಯನ್ನು ನೋಡಿದರೆ ಮದುವೆ ಮನೆಯ ಪಂಕ್ತಿ ನೆನಪಾಗುತ್ತದೆ: ಮೊದಲು ಕೂತವರಿಗೆ ಹೋಳಿಗೆ ತುಪ್ಪ, ಕೊನೆಯವರಿಗೆ ಆತಿಥೇಯರ ನಗುಮುಖ. 260 ಮೀಟರ್ ಎತ್ತರದ ತೆಹ್ರಿ ಅಣೆಕಟ್ಟು ನೀರನ್ನು ಹಿಡಿದು ವಿದ್ಯುತ್ ಮಾಡಿ ಬಿಡುತ್ತದೆ. ಹರಿದ್ವಾರದ ಭೀಮಗೋಡಾದಲ್ಲಿ ಮೇಲಿನ ಗಂಗಾ ಕಾಲುವೆ ಕಾದು ಕುಳಿತಿದೆ. 1854ರಲ್ಲಿ ಕಾಟ್ಲಿ ಸಾಹೇಬರು ತೋಡಿಸಿ ಮುಗಿಸಿದ್ದು, ಈಗ 10,500 ಕ್ಯೂಸೆಕ್ ಹೊರಬಲ್ಲದು. ದಿಲ್ಲಿಯ ಸೋನಿಯಾ ವಿಹಾರದ ಘಟಕವೂ ಇದೇ ಕಾಲುವೆಯಿಂದ ಕುಡಿಯುತ್ತದೆ. ಉಳಿದದ್ದಕ್ಕೆ ಬಿಜ್ನೋರ್ ಬ್ಯಾರೇಜು, ಅಲ್ಲೂ ಉಳಿದದ್ದಕ್ಕೆ ನರೋರಾ. ಅಲ್ಲಿ ಕೆಳಗಿನ ಗಂಗಾ ಕಾಲುವೆಯ ಜೊತೆ ಒಂದು ಅಣುಸ್ಥಾವರವೂ ಬಾಯಾರಿ ನಿಂತಿದೆ. ಇಷ್ಟರ ಮೇಲೂ ಹರಿದು ಬಂದರೆ ಕಾನ್ಪುರದಲ್ಲಿ ಮತ್ತೊಂದು ಬ್ಯಾರೇಜು. ಕಬ್ಬಿಗೆ ಸಿಕ್ಕಿತು, ಗೋಧಿಗೆ ಸಿಕ್ಕಿತು, ಬಲ್ಬಿಗೆ ಸಿಕ್ಕಿತು, ರಾಜಧಾನಿಗೆ ಸಿಕ್ಕಿತು. ನದಿಯೊಂದನ್ನು ಬಿಟ್ಟು ಯಾರಿಗೂ ಅನ್ಯಾಯವಾಗಿಲ್ಲ.

ನದಿಗೂ ಏನಾದರೂ ಕೊಡಿ ಎಂದು ಕೇಳಿದವರು ಇಲ್ಲದಿಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯ ಕಟ್ಟಿದ ಮದನಮೋಹನ ಮಾಳವೀಯರು ಬ್ರಿಟಿಷರೊಡನೆ ಜಗಳ ಕಾದು, 1916ರ ಡಿಸೆಂಬರಿನಲ್ಲಿ ಹರಿದ್ವಾರದ ಹರ್ ಕಿ ಪೌಡಿಯ ಕವಲಿನಲ್ಲಿ ಕನಿಷ್ಠ 1000 ಕ್ಯೂಸೆಕ್ ಹರಿಯಬೇಕೆಂದು ಬರೆಸಿಕೊಂಡರು. ನೂರು ವರ್ಷ ತುಂಬಿದ ತಿಂಗಳಲ್ಲಿ, 2016ರ ಡಿಸೆಂಬರಿನಲ್ಲಿ, ಆಗಿನ ಉತ್ತರಾಖಂಡ ಸರ್ಕಾರ ಅದೇ ಕವಲು ನದಿಯೇ ಅಲ್ಲ, ಹೆಚ್ಚಾದ ನೀರನ್ನು ಹೊರಬಿಡುವ ಕಾಲುವೆ ಎಂದು ಆದೇಶ ಹೊರಡಿಸಿತು. ನದಿ ಅಲ್ಲದ ಮೇಲೆ ದಡದಲ್ಲಿ ಕಟ್ಟಡ ಕಟ್ಟಲು ನಿರ್ಬಂಧ ಎಲ್ಲಿಯದು? ಶತಮಾನೋತ್ಸವವನ್ನು ಇಷ್ಟು ಅಚ್ಚುಕಟ್ಟಾಗಿ ಆಚರಿಸಿದ ಸರ್ಕಾರ ಇನ್ನೊಂದಿಲ್ಲ. ಮುಂದೆ ಬಂದ ಸರ್ಕಾರಕ್ಕೆ ಆ ಸೂಕ್ಷ್ಮ ತಿಳಿಯಲಿಲ್ಲ. 2020ರಲ್ಲಿ ಆದೇಶವನ್ನು ರದ್ದು ಮಾಡಿತು. ಅಲ್ಲಿಯವರೆಗೆ ಭಕ್ತರು ಮುಳುಗಿದ್ದು, ಕಾಗದದ ಪ್ರಕಾರ, ಕಾಲುವೆಯಲ್ಲಿ.

ಇನ್ನೊಬ್ಬರು ಐಐಟಿ ಕಾನ್ಪುರದಲ್ಲಿ ಪ್ರಾಧ್ಯಾಪಕರಾಗಿದ್ದ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮೊದಲ ಸದಸ್ಯ ಕಾರ್ಯದರ್ಶಿ ಜಿ.ಡಿ. ಅಗರ್ವಾಲ್. ಸನ್ಯಾಸ ತೆಗೆದುಕೊಂಡು ಸ್ವಾಮಿ ಸಾನಂದರಾಗಿದ್ದವರು. ಗಂಗೆ ತಡೆಯಿಲ್ಲದೆ ಹರಿಯಲಿ ಎಂದು 2018ರ ಜೂನ್ 22ರಂದು ಉಪವಾಸ ಕೂತರು. ಸರ್ಕಾರ ಆತುರಪಡಲಿಲ್ಲ. ಅಕ್ಟೋಬರ್ ಎರಡನೆಯ ವಾರ ಕನಿಷ್ಠ ಹರಿವಿನ ಅಧಿಸೂಚನೆ ಬಂತು. ಅದೇ ವಾರ, 11ನೇ ತಾರೀಖು, ಅವರು ಋಷಿಕೇಶದಲ್ಲಿ ತೀರಿಕೊಂಡರು. ಸರ್ಕಾರ ಸತ್ತವರಿಗಷ್ಟೇ ಉತ್ತರ ಕೊಡುತ್ತದೆ ಎನ್ನುವವರು ದಿನಾಂಕಗಳನ್ನು ಗಮನಿಸಬೇಕು. ಎರಡು ದಿನ ಮುಂಚೆಯೇ ಕೊಟ್ಟಿತ್ತು.

ಆ ಅಧಿಸೂಚನೆಯ ಔದಾರ್ಯವನ್ನು ನೋಡಿ. ಅಕ್ಟೋಬರಿನಿಂದ ಮೇ ತನಕ ಭೀಮಗೋಡಾದ ಕೆಳಗೆ ಸೆಕೆಂಡಿಗೆ 36 ಘನ ಮೀಟರ್. ಬಿಜ್ನೋರ್, ನರೋರಾ, ಕಾನ್ಪುರಗಳ ಕೆಳಗೆ 24. ಇಪ್ಪತ್ನಾಲ್ಕೆಂದರೆ ಸುಮಾರು 850 ಕ್ಯೂಸೆಕ್. ಕೆಆರ್‌ಎಸ್‌ನಿಂದ ಇದಕ್ಕಿಂತ ಹೆಚ್ಚು ನೀರು ಬಿಟ್ಟರೆ ಮದ್ದೂರಿನಲ್ಲಿ ಟೈರು ಉರಿಯುತ್ತದೆ. ಇಲ್ಲಿ ಇಷ್ಟರಲ್ಲೇ ಒಂದು ರಾಷ್ಟ್ರೀಯ ನದಿ ಸಂಸಾರ ತೂಗಿಸುತ್ತದೆ.

ಹಾಗಾದರೆ ಭದೈನಿಯ ಪಂಪು ಎತ್ತುವುದು ಏನನ್ನು ಎಂದು ಕೇಳುವಿರಿ. ಕಾನ್ಪುರದ ಕೆಳಗೆ ಊರೂರಿನ ಚರಂಡಿಗಳು ತಮ್ಮ ಕೈಲಾದದ್ದನ್ನು ಸೇರಿಸುತ್ತವೆ. ಪ್ರಯಾಗದಲ್ಲಿ ಯಮುನೆ ಕೂಡುತ್ತಾಳೆ. ದಿಲ್ಲಿಯಲ್ಲಿ ಅವಳದೂ ನೀರು ಮುಗಿದಿರುವುದರಿಂದ, ಬೇಸಿಗೆಯಲ್ಲಿ ತರುವುದು ಹೆಚ್ಚಾಗಿ ಚಂಬಲ್, ಬೇತ್ವಾಗಳ ನೀರು. ಕೊನೆಗೆ, ಪಂಪಿಗಿಂತ ಕೊಂಚ ಮೇಲೆ, ನಗವಾದ ಹತ್ತಿರ ಅಸ್ಸಿ ನದಿ. ಅದೀಗ ನಾಲೆಯೆಂದೇ ಪ್ರಸಿದ್ಧ. ಅದನ್ನು ರಮನಾದ ಶುದ್ಧೀಕರಣ ಘಟಕಕ್ಕೆ ತಿರುಗಿಸುವ ಏರ್ಪಾಡಿದೆ, ಅದು ಬೇರೆ ಮಾತು. ಅಂತೂ ನಮ್ಮವರು ತಾಮ್ರದ ಗಿಂಡಿಗೆ ತುಂಬಿಸಿ, ಬೆಸುಗೆ ಹಾಕಿಸಿ, ಊರಿಗೆ ತಂದು ಗಂಗಾ ಸಮಾರಾಧನೆ ಮಾಡುವ ನೀರಿನಲ್ಲಿ ಚಂಬಲ್ ಹುಟ್ಟುವ ಇಂದೋರಿನ ಪಕ್ಕದ ಬೆಟ್ಟಗಳ ಪಾಲೇ ದೊಡ್ಡದಿರಬಹುದು. ರಾಷ್ಟ್ರೀಯ ಭಾವೈಕ್ಯಕ್ಕೆ ಇದಕ್ಕಿಂತ ಅಗ್ಗದ ಯೋಜನೆ ಯಾವುದಿದೆ?

ಪ್ರವಾಹದ ಲೆಕ್ಕದಲ್ಲಿ ಮಾತ್ರ ಇಲ್ಲಿ ಎಳ್ಳಷ್ಟೂ ಅಂದಾಜಿಲ್ಲ. ಅಪಾಯದ ಮಟ್ಟ 71.262 ಮೀಟರ್, 1978ರ ದಾಖಲೆ 73.901. ನೀರು ಹೆಚ್ಚಾದರೆ ಮಿಲಿಮೀಟರಿನವರೆಗೆ ಗೊತ್ತು. 2021ರ ಬೇಸಿಗೆಯಲ್ಲಿ ಘಾಟುಗಳ ಎದುರು ದಡದ ಮರಳಿನಲ್ಲಿ ಸುಮಾರು 12 ಕೋಟಿ ರೂಪಾಯಿ ಸುರಿದು ಐದು ಕಿಲೋಮೀಟರಿಗೂ ಉದ್ದದ ಒಂದು ಕಾಲುವೆ ತೋಡಿದರು. ಘಾಟುಗಳ ಮೇಲಿನ ಒತ್ತಡ ತಗ್ಗಲೆಂದು. ಅದೇ ಬೇಸಿಗೆಯಲ್ಲಿ ಘಾಟಿನ ನೀರು ಪಾಚಿಗಟ್ಟಿ ಹಸಿರಾಗಿತ್ತು. ಮಳೆಗಾಲ ಬಂತು, ನದಿ ಕಾಲುವೆಯನ್ನು ಅಳಿಸಿ ಹಾಕಿತು. ಇಂಜಿನಿಯರುಗಳ ಕೆಲಸಕ್ಕೆ ಮರ್ಯಾದೆ ಕೊಡದವಳು ಈ ಹಂಚಿಕೆಯಲ್ಲಿ ಅವಳೊಬ್ಬಳೇ.

ಕೆಳಗಿನ ಫರಕ್ಕಾದಲ್ಲಿ ಬಾಂಗ್ಲಾದೇಶದ ಜೊತೆ 1996ರ ಒಪ್ಪಂದವಿದೆ. ಜನವರಿಯಿಂದ ಮೇ ತನಕ ಹತ್ತು ಹತ್ತು ದಿನಕ್ಕೆ ಪಾಲು ಎಣಿಸುತ್ತಾರೆ, 2026ರ ಡಿಸೆಂಬರಿಗೆ ಅದರ ಅವಧಿ ಮುಗಿಯುತ್ತದೆ. ಮೇಲಿನ 2018ರ ಅಧಿಸೂಚನೆ ಕನಿಷ್ಠ ಹರಿವನ್ನು ಗೊತ್ತುಮಾಡಿರುವುದು ಉನ್ನಾವ್ ಜಿಲ್ಲೆಯವರೆಗೆ. ಭೇಲೂಪುರ ಇರುವುದು ಇವೆರಡರ ನಡುವೆ, ಮತ್ತು ಅಲ್ಲಿ ಹರಿಯಬೇಕಾದ ನೀರಿಗೆ ಆ ಎರಡು ಕಾಗದಗಳಲ್ಲೂ ಒಂದು ಅಂಕಿಯಿಲ್ಲ.