ಯಂತ್ರದ ಶಕುನಿ

ಹಬ್ಬುವಾಡದ ಜಗಲಿಯೊಂದರಲ್ಲಿ, ನಿವೃತ್ತ ಗಣಿತದ ಮಾಸ್ತರರಿಗೂ, ಮೊಬೈಲಿನ ಪೋಕರಿನಲ್ಲಿ ಕೈ ಸುಟ್ಟುಕೊಂಡು ಜಗತ್ತಿನಲ್ಲಿ ಧರ್ಮವೇ ನಷ್ಟವಾಯಿತೆಂದು ನಂಬಿದ್ದ ಅವರ ಸೋದರಳಿಯನಿಗೂ ನಡೆದ ಶಾಸ್ತ್ರಾರ್ಥವಿದು.

ಅಳಿಯ: ಶುದ್ಧ ಮೋಸ, ಮಾವ! ಕೈಯಲ್ಲಿ ಎಕ್ಕದ ಜೋಡಿಯಿದ್ದೂ ಸೋತೆ.

ಮಾವ: ಜೋಡಿ ಬಂದಾಗ ಧರ್ಮರಾಯನಾಗಿದ್ದ ಯಂತ್ರವು ಸೋತೊಡನೆ ಶಕುನಿಯಾಗಿ ತೋರುವುದು ಜೂಜುಗಾರನಿಗೆ ಮಾತ್ರ ಲಭ್ಯವಾದ ದಿವ್ಯದೃಷ್ಟಿ. ಎದುರಾಳಿಯಲ್ಲಿ ರಾಜನ ಜೋಡಿಯಿದ್ದರೂ ಎಕ್ಕದ ಜೋಡಿ ಸುಮಾರು ಐದಕ್ಕೊಂದು ಸಲ ಸೋಲುತ್ತದಪ್ಪಾ, ಅದು ಗಣಿತ.

ಅಳಿಯ: ಹಾಗಾದರೆ ಮೋಸವೆಂಬುದೇ ಇಲ್ಲವೆ?

ಮಾವ: ಉಂಟು. 2007ರಲ್ಲಿ ಅಬ್ಸೊಲ್ಯೂಟ್ ಪೋಕರ್ ಎಂಬ ತಾಣದಲ್ಲಿ ಒಳಗಿನವರೇ ಇತರರ ಮುಚ್ಚಿದ ಎಲೆಗಳನ್ನು ನೋಡಿ ಆಡಿದ್ದು ಬಯಲಾಯಿತು. ಆದರೆ ಪಣದ ರಾಶಿಯಿಂದ ತನ್ನ ಪಾಲನ್ನು ಕತ್ತರಿಸಿಕೊಂಡು, ಯಾರು ಗೆದ್ದರೂ ತಾನು ಸೋಲದೆ ಕುಳಿತಿರುವ ಯಜಮಾನನು ಎಲೆ ಕದಿಯುವ ಶ್ರಮವನ್ನಾದರೂ ಏಕೆ ವಹಿಸಿಕೊಂಡಾನು?

ಅಳಿಯ: ಸರಕಾರವಾದರೂ ತಡೆಯಬೇಡವೆ?

ಮಾವ: ತಡೆಯಿತಲ್ಲ! 2021ರಲ್ಲಿ ನಮ್ಮ ರಾಜ್ಯ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ನಿಷೇಧದ ಕಲಮುಗಳನ್ನು ರದ್ದುಗೊಳಿಸಿತು. 2023ರ ಅಕ್ಟೋಬರಿನಿಂದ ಹೂಡಿದ ಹಣಕ್ಕೆಲ್ಲ ಶೇ. 28 ತೆರಿಗೆ ಬಂತು. ತೆರಿಗೆಯಿಂದ ಪಾವನವಾದ ಆ ಆಟವನ್ನೇ 2025ರ ಆಗಸ್ಟಿನಲ್ಲಿ ಸಂಸತ್ತು ನಿಷೇಧಿಸಿತು.

ಅಳಿಯ: ಇನ್ನು ನಮ್ಮಂಥವರ ಗತಿ?

ಮಾವ: ಮಾಜಾಳಿ ದಾಟಿದರೆ ಗೋವೆ. ಪಣಜಿಯ ಮಾಂಡವಿಯಲ್ಲಿ ತೇಲುವ ಕ್ಯಾಸಿನೋಗಳಲ್ಲಿ ಅದೇ ಪಾಪವು ಪರವಾನಿಗೆ ಸಹಿತ ದೊರೆಯುತ್ತದೆ. ಒಂದೇ ಅನನುಕೂಲ: ಅಲ್ಲಿ ಸೋತರೆ ಯಂತ್ರವನ್ನು ಬೈಯುವಂತಿಲ್ಲ.