‘ಏನೂ ಇಲ್ಲಮ್ಮ’ ಎಂಬ ರೋಗವನ್ನು ಕಂಡುಹಿಡಿದ ವೈದ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ವಿಷಯ: ಥೈರಾಯ್ಡ್ ಮಾಂದ್ಯವನ್ನು ರಕ್ತಪರೀಕ್ಷೆಯ ಹಂಗಿಲ್ಲದೆ ನಿವಾರಿಸುವ ಪದ್ಧತಿಗಾಗಿ ಅಭಿನಂದನೆ.

ವೈದ್ಯಕೀಯ ಪಠ್ಯಗಳಲ್ಲಿ ಇನ್ನೂ ಸ್ಥಾನ ದೊರೆಯದಿದ್ದರೂ ಕರ್ನಾಟಕದ ಹೊರರೋಗಿ ವಿಭಾಗಗಳಲ್ಲಿ ದಿನವೂ ಪತ್ತೆಯಾಗುತ್ತಿರುವ ‘ಏನೂ ಇಲ್ಲಮ್ಮ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ’ ಎಂಬ ರೋಗವನ್ನು ಗುರುತಿಸಿ, ಅದಕ್ಕೆ ಟಾನಿಕ್, ವಾಕಿಂಗ್ ಮತ್ತು ಬುದ್ಧಿವಾದ ಎಂಬ ತ್ರಿವಿಧ ಚಿಕಿತ್ಸೆಯನ್ನು ರೂಪಿಸಿದ ವೈದ್ಯ ಮಹನೀಯರಿಗೆ ಸಲ್ಲಬೇಕಾದ ಗೌರವ ಈವರೆಗೆ ಸಂದಿಲ್ಲ. ಈ ರೋಗ ಬಹುಮಟ್ಟಿಗೆ ನಡುವಯಸ್ಸಿನ ಹೆಂಗಸರನ್ನು ಹಿಡಿಯುತ್ತದೆ. ಊಟ ಹೆಚ್ಚದಿದ್ದರೂ ತೂಕ ಹೆಚ್ಚುತ್ತದೆ, ಉಳಿದವರು ಫ್ಯಾನ್ ಹಾಕಿಕೊಂಡಾಗ ರೋಗಿ ಶಾಲು ಹುಡುಕುತ್ತಾಳೆ, ಮಲಬದ್ಧತೆ ನೆಲೆಸುತ್ತದೆ, ಧ್ವನಿ ಒಡೆಯುತ್ತದೆ, ಮುಟ್ಟಿನ ಸ್ರಾವ ಮಿತಿಮೀರುತ್ತದೆ. ಮಾನ್ಯರ ಪ್ರತಿಭೆ ಎದ್ದು ಕಾಣುವುದು ಈ ಲಕ್ಷಣಗಳನ್ನು ಹಂಚುವ ಕ್ರಮದಲ್ಲಿ: ಉದುರುವ ಕೂದಲು ಚರ್ಮವೈದ್ಯರಿಗೆ, ಸ್ರಾವ ಸ್ತ್ರೀರೋಗ ತಜ್ಞರಿಗೆ, ಏರಿದ ಕೊಲೆಸ್ಟರಾಲ್ ಹೃದಯ ತಜ್ಞರಿಗೆ, ಮಂಕುತನ ಮನೆದೇವರಿಗೆ ಸಂದಾಯವಾಗಿ, ಇವೆಲ್ಲ ಒಂದೇ ಮೂಲದಿಂದ ಹೊರಟಿರಬಹುದೆಂಬ ಸಂಶಯ ಮಾತ್ರ ಯಾರ ಪಾಲಿಗೂ ಬರುವುದಿಲ್ಲ.

ಆ ಮೂಲವು ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಎರಡು ಹಾಲೆಗಳಾಗಿ ಶ್ವಾಸನಾಳಕ್ಕೆ ಅಂಟಿಕೊಂಡಿರುವ ಥೈರಾಯ್ಡ್ ಗ್ರಂಥಿ. ಅದು ಆಹಾರದ ಅಯೋಡಿನ್‌ನಿಂದ ಟಿ4 ಮತ್ತು ಟಿ3 ಎಂಬ ಹಾರ್ಮೋನುಗಳನ್ನು, ಅಂದರೆ ರಕ್ತದ ಮೂಲಕ ದೇಹದ ಮೂಲೆಮೂಲೆಗೂ ಆದೇಶ ಒಯ್ಯುವ ರಾಸಾಯನಿಕಗಳನ್ನು ತಯಾರಿಸುತ್ತದೆ. ಹೃದಯದ ಬಡಿತ, ಕರುಳಿನ ಚಲನೆ, ಮೈಯ ಕಾವು ಎಲ್ಲದರ ವೇಗವೂ ಇವುಗಳನ್ನು ಅವಲಂಬಿಸಿದೆ. ಗ್ರಂಥಿಯ ಮೇಲ್ವಿಚಾರಣೆ ನಡೆಸುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ, ಮತ್ತು ಅದು ಕಳುಹಿಸುವ ಪ್ರಚೋದಕವೇ ಟಿಎಸ್‌ಎಚ್. ಎತ್ತು ನಿಧಾನವಾದಷ್ಟೂ ಚಾವಟಿಯ ಸದ್ದು ಹೆಚ್ಚುವಂತೆ, ಥೈರಾಯ್ಡ್ ಕುಂದಿದಷ್ಟೂ ಟಿಎಸ್‌ಎಚ್ ಏರುವುದರಿಂದ, ವರದಿಯಲ್ಲಿ ಅಂಕಿ ಹೆಚ್ಚಿರುವುದೆಂದರೆ ಗ್ರಂಥಿಯ ಕೆಲಸ ಕಡಿಮೆಯಾಗಿದೆ ಎಂದರ್ಥ. ಕೆಲವೇ ನೂರು ರೂಪಾಯಿಗೆ ಆಗುವ ಈ ಪರೀಕ್ಷೆಯನ್ನು ಚೀಟಿಯಲ್ಲಿ ಬರೆಯಲು ಮೂರು ಇಂಗ್ಲಿಷ್ ಅಕ್ಷರಗಳು ಸಾಕು. ‘ಟೆನ್ಷನ್’ ಎಂದು ಹೇಳಲು ತಗಲುವ ಶ್ರಮ ಇದಕ್ಕಿಂತ ಹೆಚ್ಚು.

ಇಂಥ ಪರೀಕ್ಷೆಯೇ ಇಲ್ಲದ ಕಾಲದ ವೈದ್ಯರ ದುರವಸ್ಥೆಯನ್ನು ಇಲ್ಲಿ ನೆನೆಯುವುದು ಉಚಿತ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ವಯಸ್ಕ ಸ್ತ್ರೀಯರಲ್ಲಿ ಕಾಣಿಸಿಕೊಳ್ಳುವ ಈ ಸ್ಥಿತಿಯನ್ನು ವರ್ಣಿಸಿದಾಗ, 1878ರಲ್ಲಿ ವಿಲಿಯಂ ಆರ್ಡ್ ಅದಕ್ಕೆ ಮಿಕ್ಸಿಡೀಮಾ, ಎಂದರೆ ಚರ್ಮದಡಿಯಲ್ಲಿ ಲೋಳೆಯಂಥ ವಸ್ತು ತುಂಬಿ ಉಂಟಾಗುವ ಬಾವು, ಎಂಬ ಹೆಸರಿಟ್ಟಾಗ, ರೋಗಿಯ ಮುಖವನ್ನು ನೋಡುವುದು ಮತ್ತು ಆಕೆಯ ಮಾತನ್ನು ಪೂರ್ತಿ ಕೇಳುವುದು ಎಂಬ ಎರಡು ಹಳೆಯ ಉಪಕರಣಗಳಷ್ಟೇ ಅವರ ಕೈಯಲ್ಲಿದ್ದವು. 1891ರಲ್ಲಿ ನ್ಯೂಕಾಸಲ್‌ನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರವನ್ನು 46 ವರ್ಷದ ರೋಗಿಯೊಬ್ಬಳಿಗೆ ಚುಚ್ಚಿದರು. ಆಕೆ ಚೇತರಿಸಿಕೊಂಡು 74ರವರೆಗೆ ಬದುಕಿದಳು. ಆಕೆಗೂ ವಾಕಿಂಗ್ ಸೂಚಿಸಿದ್ದರೆ ಕುರಿಗಳಾದರೂ ಉಳಿಯುತ್ತಿದ್ದವು. ಇನ್ನು 1949ರಲ್ಲಿ ರಿಚರ್ಡ್ ಆಶರ್, ಥೈರಾಯ್ಡ್ ಕೊರತೆಯಿಂದಲೇ ಮನೋವಿಕಾರಕ್ಕೆ ಒಳಗಾದ 14 ರೋಗಿಗಳ ವಿವರವನ್ನು ಪ್ರಕಟಿಸಿದರು. ಗ್ರಂಥಿಯ ಔಷಧ ಸಿಕ್ಕ ಮೇಲೆ ಅವರಲ್ಲಿ ಹಲವರ ಬುದ್ಧಿ ತಿಳಿಯಾಯಿತು. ಕಾಯಿಲೆಯ ಸೋಗು ಹಾಕುವವರ ಸ್ಥಿತಿಗೆ 1951ರಲ್ಲಿ ಮಂಚೌಸೆನ್ ಸಿಂಡ್ರೋಮ್ ಎಂದು ಹೆಸರಿಟ್ಟವರೂ ಇದೇ ಆಶರ್ ಆಗಿರುವುದರಿಂದ, ನಾಟಕವಾಡುವವರು ಯಾರು, ಆಡದವರು ಯಾರು ಎಂಬುದನ್ನು ಪರೀಕ್ಷಿಸಿದ ಮೇಲೆಯೇ ತೀರ್ಮಾನಿಸುವುದೂ ಸಾಧ್ಯವೆಂದು ತೋರುತ್ತದೆ.

ಆದರೂ ದೋಷವನ್ನೆಲ್ಲ ವೈದ್ಯರ ತಲೆಗೆ ಕಟ್ಟುವುದು ಅನ್ಯಾಯ, ಏಕೆಂದರೆ ಮೊದಲ ರೋಗನಿದಾನ ನಡೆಯುವುದು ಅಡುಗೆಮನೆಯಲ್ಲಿ. ಗ್ರಂಥದಲ್ಲಿ ದಣಿವು ಎಂದಿರುವುದು ಮನೆಯಲ್ಲಿ ಸೋಮಾರಿತನ. ಅಲ್ಲಿ ತೂಕದ ಏರಿಕೆ ಎಂದರೆ ಇಲ್ಲಿ ತಿಂದು ಕೂತಿದ್ದರ ಫಲ. ಅಲ್ಲಿ ಮರೆವು, ಇಲ್ಲಿ ಸಂಸಾರದ ಮೇಲೆ ಗಮನವಿಲ್ಲದಿರುವಿಕೆ. ಹೀಗೆ ವಿಚಾರಣೆಯೂ ಶಿಕ್ಷೆಯೂ ಮುಗಿದ ಮೇಲೆ ವೈದ್ಯರ ಮುಂದೆ ಬರುವ ರೋಗಿ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ‘ಏನೋ ಸ್ವಲ್ಪ ಸುಸ್ತು ಡಾಕ್ಟ್ರೇ’ ಎಂದು ಆರಂಭಿಸುತ್ತಾಳೆ, ಮುಂದಿನ ಪ್ರಶ್ನೆಗಳಿಗೆಲ್ಲ ಪಕ್ಕದ ಕುರ್ಚಿಯಲ್ಲಿ ಕುಳಿತ ಗಂಡ ಉತ್ತರಿಸುತ್ತಾನೆ. ರೋಗವು ವರ್ಷಗಟ್ಟಲೆ ಮೆಲ್ಲಗೆ ಬೆಳೆಯುವುದರಿಂದ, ಹಿಂದೊಮ್ಮೆ ತಾನು ಎಷ್ಟು ಚುರುಕಾಗಿದ್ದೆನೆಂಬುದು ರೋಗಿಗೇ ಮರೆತಿರುತ್ತದೆ. ಗಂಡಸರಿಗೂ ಈ ಕಾಯಿಲೆ ಬರುತ್ತದೆ, ಆದರೆ ಅವರ ವಿಷಯದಲ್ಲಿ ಅದು ‘ವಯಸ್ಸಾಯ್ತಲ್ಲ’ ಎಂಬ ಗೌರವಾನ್ವಿತ ಹೆಸರಿನಲ್ಲಿ ಮರೆಯಾಗುತ್ತದೆ.

ಬೆಂಗಳೂರೂ ಸೇರಿದಂತೆ ಭಾರತದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಐದು ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತವನ್ನು ಪರೀಕ್ಷಿಸಿ, ಸುಮಾರು ಶೇ 11ರಷ್ಟು ಜನರಲ್ಲಿ ಥೈರಾಯ್ಡ್ ಮಾಂದ್ಯವನ್ನು ಕಂಡಿತು, ಶೇ 3.5ರಷ್ಟು ಜನರಿಗೆ ಅದು ತಮಗಿದೆಯೆಂಬ ಅರಿವೇ ಇರಲಿಲ್ಲ. ಬಹುಶಃ ಅವರಿಗೆಲ್ಲ ಏನೂ ಇರಲಿಲ್ಲ.

ಮಾನ್ಯರ ಚಿಕಿತ್ಸಾಪದ್ಧತಿಯ ಪರಮೋಚ್ಚ ಸಾಧನೆಯೆಂದರೆ ರೋಗವನ್ನು ಪ್ರಯೋಗಾಲಯದಿಂದಲೂ ಬಚ್ಚಿಡುವ ಸಾಮರ್ಥ್ಯ. ಕೂದಲು ಉದುರುತ್ತದೆ ಎಂದು ಬಂದವಳಿಗೆ ಬಯೋಟಿನ್ ಎಂಬ ಬಿ ಗುಂಪಿನ ಜೀವಸತ್ವದ ಗುಳಿಗೆಯನ್ನು ಧಾರಾಳವಾಗಿ ಬರೆದುಕೊಡಲಾಗುತ್ತದೆ. ಟಿಎಸ್‌ಎಚ್ ಅಳೆಯುವ ಕೆಲವು ವಿಧಾನಗಳು ಇದೇ ಬಯೋಟಿನ್‌ನ ಬಂಧನಶಕ್ತಿಯನ್ನು ಬಳಸಿಕೊಳ್ಳುವುದರಿಂದ, ರಕ್ತದಲ್ಲಿ ಅದು ಅತಿಯಾಗಿದ್ದರೆ ಯಂತ್ರವು ಮೋಸಹೋಗಿ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸಬಲ್ಲದು. ಥೈರಾಯ್ಡ್ ಕುಂದಿ ಕೂದಲು ಉದುರಿತು, ಕೂದಲಿಗೆಂದು ಗುಳಿಗೆ ಬಂತು, ಗುಳಿಗೆಯಿಂದ ಅಂಕಿ ಇಳಿಯಿತು, ಅಂಕಿಯನ್ನು ನೋಡಿ ‘ರಿಪೋರ್ಟ್ ನಾರ್ಮಲ್’ ಎಂಬ ತೀರ್ಪು ಹೊರಟಿತು. ತರ್ಕಶಾಸ್ತ್ರದ ಅಧ್ಯಾಪಕರು ಚಕ್ರಕದೋಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕುವ ಅಗತ್ಯವಿಲ್ಲ. ರಕ್ತ ಕೊಡುವ ಎರಡು ಮೂರು ದಿನ ಮೊದಲು ಗುಳಿಗೆಯನ್ನು ನಿಲ್ಲಿಸಬೇಕೆಂಬ ಒಂದು ಮಾತು ಸಾಮಾನ್ಯವಾಗಿ ಈ ಚಕ್ರವನ್ನು ಕಡಿದುಹಾಕುತ್ತದೆ, ಆದರೆ ಆ ಮಾತನ್ನು ಆಡಬೇಕಾದವರು ಚರ್ಮವೈದ್ಯರೋ, ಸಾಮಾನ್ಯ ವೈದ್ಯರೋ, ರಕ್ತ ತೆಗೆಯುವ ಹುಡುಗನೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಎಲ್ಲ ಸುಸ್ತೂ ಥೈರಾಯ್ಡ್ ಅಲ್ಲವೆಂಬ ಮಾನ್ಯರ ಆಕ್ಷೇಪ ನ್ಯಾಯವಾದದ್ದೇ. ರಕ್ತಹೀನತೆ, ನಿದ್ರೆಗೇಡು, ಖಿನ್ನತೆ ಇವೂ ಹಾಗೆಯೇ ಕಾಣುತ್ತವೆ. ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ತುಸು ಏರಿರುವ ಉಪಲಾಕ್ಷಣಿಕ ಸ್ಥಿತಿಯಲ್ಲಿ ಥೈರಾಯ್ಡ್ ಮಾತ್ರೆಯಿಂದ ವೃದ್ಧರ ದಣಿವು ಕಡಿಮೆಯಾಗುವುದಿಲ್ಲವೆಂದು 2017ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗವೊಂದು ತೋರಿಸಿತು. ಟಿಎಸ್‌ಎಚ್‌ನ ಸಹಜ ಮಿತಿ 4ರಲ್ಲಿರಬೇಕೆ, ಮಾತ್ರೆ 10ಕ್ಕೆ ಆರಂಭವಾಗಬೇಕೆ ಎಂಬ ಚರ್ಚೆ ತಜ್ಞರಲ್ಲಿ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆದರೆ ಅದು ಪರೀಕ್ಷೆ ಮಾಡಿಸಿದ ಮೇಲಿನ ಚರ್ಚೆ. ಪರೀಕ್ಷೆಯನ್ನೇ ಬರೆಯದಿರುವುದಕ್ಕೆ ಆ ಪಾಂಡಿತ್ಯವನ್ನು ಸಮರ್ಥನೆಯಾಗಿ ಬಳಸುವುದು ಗಂಭೀರ ವಿದ್ವಾಂಸರಿಗೆ ಒಪ್ಪುವ ಕೆಲಸವಲ್ಲ.

ರೋಗ ಕೊನೆಗೊಮ್ಮೆ ಪತ್ತೆಯಾದ ಪಕ್ಷದಲ್ಲಿ, ಲಿವೊಥೈರಾಕ್ಸಿನ್ ಎಂಬ, ಗ್ರಂಥಿಯ ಟಿ4 ಅನ್ನೇ ಹೋಲುವ ಅಗ್ಗದ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನೊಡನೆ ನುಂಗಬೇಕಾಗುತ್ತದೆ, ಮತ್ತು ಅದರ ಪರಿಣಾಮ ಸ್ಥಿರವಾಗಲು ವಾರಗಳು ಹಿಡಿಯುವುದರಿಂದ ಆರರಿಂದ ಎಂಟು ವಾರಗಳ ಬಳಿಕ ಟಿಎಸ್‌ಎಚ್ ಅನ್ನು ಮತ್ತೆ ಅಳೆದು ಪ್ರಮಾಣವನ್ನು ಹೊಂದಿಸಬೇಕಾಗುತ್ತದೆ. ಏನೂ ಇಲ್ಲದ ಕಾಲದಲ್ಲಿ ಬರೆದುಕೊಟ್ಟಿದ್ದ ಕಬ್ಬಿಣಾಂಶದ ಟಾನಿಕ್ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ಅದೇ ಹೊತ್ತಿಗೆ ಹೊಟ್ಟೆ ಸೇರಿದರೆ ಮಾತ್ರೆ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದು. ಆದ್ದರಿಂದ ನಾಲ್ಕು ಗಂಟೆಗಳ ಅಂತರವನ್ನು ಚೀಟಿಯಲ್ಲಿ ಓದಲು ಬರುವ ಅಕ್ಷರಗಳಲ್ಲಿ ನಮೂದಿಸಬೇಕೆಂದು ಕೋರಲಾಗಿದೆ.

ಇಂತಿ ವಿನಂತಿಗಳು.

ಪ್ರತಿ: ರೋಗಿಗಳ ಗಂಡಂದಿರಿಗೆ, ಮುಂದಿನ ಕ್ರಮಕ್ಕಾಗಿ. ಮಾತ್ರೆಗೂ ಕಾಫಿಗೂ ನಡುವೆ ಅರ್ಧದಿಂದ ಒಂದು ಗಂಟೆಯ ಬಿಡುವು ಇರಬೇಕಾದ್ದರಿಂದ, ಆ ಅವಧಿಯಲ್ಲಿ ಡಿಕಾಕ್ಷನ್ ಇಳಿಸುವ ಕೆಲಸವನ್ನು ಸ್ವತಃ ವಹಿಸಿಕೊಳ್ಳುವುದು.