ಗೆಂಡೆ ಬೆಚ್ಚಗೆ, ಗಾಳದವ ತಣ್ಣಗೆ

ಇಂಗ್ಲೆಂಡಿನ ಚಳಿಗಾಲದಲ್ಲಿ ಕೆರೆಯ ಗೆಂಡೆ ಮೀನಿಗೆ ಹಸಿವೇ ಮರೆತಂತಿರುತ್ತದೆ. ಶೀತರಕ್ತದ ಜೀವಿ, ನೀರು ತಣ್ಣಗಾದಂತೆ ಅದರ ಜೀರ್ಣಶಕ್ತಿಯೂ ಮಂದ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಸಾಂದ್ರವಾಗಿ ತಳಕ್ಕಿಳಿಯುವುದರಿಂದ, ಮೇಲೆ ಮಂಜುಗಡ್ಡೆ ಕಟ್ಟಿದರೂ ಗೆಂಡೆ ಕೆಳಗೆ ತಕ್ಕಮಟ್ಟಿಗೆ ಬೆಚ್ಚಗೆ. ದಡದಲ್ಲಿ ಕೂತ ಗಾಳದವನಿಗೆ ಆ ಭಾಗ್ಯವಿಲ್ಲ. ಗುಡಾರ, ಮಡಚುವ ಮಂಚ, ಚಹಾ ಕಾಯಿಸಲು ಒಲೆ, ಮೀನು ಕಚ್ಚಿದರೆ ಕೂಗುವ ಯಂತ್ರ ಎಂದು ಸಣ್ಣ ಸಂಸಾರವನ್ನೇ ಹೊತ್ತು ತಂದಿರುತ್ತಾನೆ. ಯಂತ್ರವೋ, ಎಷ್ಟೋ ಸಲ ಗಾಳಿಗೇ ಕೂಗುತ್ತದೆ. ಎರೆ ಎಸೆಯುವಲ್ಲಿ ಜಿಪುಣತನವೇ ಜಾಣತನ. ನಾಲ್ಕು ಮುಸುಕಿನ ಜೋಳದ ಕಾಳು ಸಾಕು. ಅಕಸ್ಮಾತ್ ಗೆಂಡೆ ಸಿಕ್ಕಿದರೆ ತೂಗಿ, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡುವುದು ಅಲ್ಲಿನ ರೂಢಿ. ಮಸಾಲೆ ಅರೆದಿಟ್ಟು ಕಾಯುವವರಿಗೆ ಇದು ಅರ್ಥವಾಗದ ವೇದಾಂತ. ಗಾಳದವ ರಿಚರ್ಡ್ ವಾಕರ್ ಅಲ್ಲಿನ ರೆಡ್‌ಮೈರ್ ಕೊಳದಲ್ಲಿ ಹಿಡಿದ 44 ಪೌಂಡಿನ ಗೆಂಡೆ ಮಾತ್ರ ಲಂಡನ್ ಮೃಗಾಲಯದ ತೊಟ್ಟಿ ಸೇರಿತು. ಅದು 1952ರ ಸೆಪ್ಟೆಂಬರ್. ಚಳಿ ಇನ್ನೂ ಬಂದಿರಲಿಲ್ಲ.